ಮುಚ್ಚಳದೊಳಗಿನ ಬೆಳಕು

ಹೊಳೆ ದಂಡೆಯಲ್ಲಿ ಒಂದು ಮಠ. ಹೆಸರಿಗೆ ಮಠ. ಇದ್ದದ್ದು ಮೂರು ಕೋಣೆ, ಒಂದು ಜಗಲಿ, ಒಂದು ಬೇವಿನ ಮರ.

ಅಲ್ಲಿನ ಗುರುವನ್ನು ಎಲ್ಲರೂ ಬುದ್ಧಿಯವರು ಅನ್ನುತ್ತಿದ್ದರು. ಅವರಿಗೆ ಬೇರೆ ಹೆಸರೂ ಇತ್ತು. ಯಾರೂ ಅದರಿಂದ ಕರೆಯುತ್ತಿರಲಿಲ್ಲ.

ಮಂಟಯ್ಯ ಶಿಷ್ಯನಾಗಲು ಬಂದವನಲ್ಲ. ಮಠದ ಗೇಟಿಗೆ ವೆಲ್ಡಿಂಗ್ ಮಾಡಲು ಬಂದವನು.

ಗೇಟು ನಿಂತಿತು. ಅವನು ಹೋಗಲಿಲ್ಲ. ಹೊತ್ತು ಇಳಿದರೂ ಜಗಲಿಯ ಮೇಲೆ ಕೂತೇ ಇದ್ದ.

"ಕೆಲಸ ಮುಗೀತಲ್ಲಪ್ಪ," ಅಂದರು ಬುದ್ಧಿಯವರು.

"ಮುಗೀತು ಬುದ್ಧಿ."

"ಮನೇಲಿ ಕಾಯ್ತಾ ಇರೋದಿಲ್ವಾ?"

"ಕಾಯೋಳು ಹೋದಳು."

ಬುದ್ಧಿಯವರು ಅವನ ಪಕ್ಕ ಕೂತರು.

"ಏನಾಗಿತ್ತು?"

"ಜ್ವರ ಅಂದಳು. ಮಲಗಿದಳು. ಏಳಲಿಲ್ಲ."

ಹೊಳೆಯ ಸದ್ದು ಕೇಳುತ್ತಿತ್ತು. ಇಬ್ಬರೂ ಅದನ್ನೇ ಕೇಳುತ್ತಾ ಕೂತರು.

"ಒಂದು ಮಾತು ಕೇಳಲಾ ಬುದ್ಧಿ?"

"ಕೇಳು."

"ಹೋದೋರು ಎಲ್ಲಿಗೆ ಹೋಗ್ತಾರೆ?"

ಬುದ್ಧಿಯವರು ಬೇವಿನ ಮರದ ಕಡೆ ನೋಡಿದರು.

"ನಿನಗೆ ನೋಡೋಕೆ ಬರ್ತದಾ?"

"ಕಣ್ಣು ಚೆನ್ನಾಗೇ ಇದೆ ಬುದ್ಧಿ."

"ಕಣ್ಣಿನ ವಿಚಾರ ಕೇಳಲಿಲ್ಲ. ನೋಡೋಕೆ ಬರ್ತದಾ ಅಂದೆ."

ಮಂಟಯ್ಯ ತಾನು ನಿಲ್ಲಿಸಿದ ಗೇಟಿನ ಕಡೆ ನೋಡಿದ.

"ಹಾಗಾದರೆ ಇರು. ಕಲಿ."

*

ಮೂರನೆಯ ಕೋಣೆ ಕತ್ತಲು. ಕಿಟಕಿಗೆ ಗೋಣಿತಾಟು ಹೊಡೆದಿತ್ತು. ಒಳಗೆ ಒಂದು ಕಂಪ್ಯೂಟರು. ಅದರ ಮುಂದೆ ಶಿವನಂಜಮ್ಮ.

ಶಿವನಂಜಮ್ಮ ಹಿರಿಯ ಶಿಷ್ಯೆ. ಮುಂಚೆ ಟೆಲಿಫೋನ್ ಕಚೇರಿಯಲ್ಲಿ ಕೆಲಸ ಮಾಡಿದವಳು. ಬಾಯಿ ಸ್ವಲ್ಪ ಜೋರು.

"ಚಪ್ಪಲಿ ಆಚೆ ಬಿಟ್ಟು ಬಾ."

"ಬಿಟ್ಟೇ ಬಂದೆ ಅಕ್ಕ."

"ಹಾಗಾದರೆ ಕಾಲು ತೊಳೆದು ಬಾ."

ಅವನು ತೊಳೆದು ಬಂದ.

"ಮೇಲೆ ಒಂದು ಕಣ್ಣಿದೆ," ಅಂದಳು ಶಿವನಂಜಮ್ಮ.

"ಎಷ್ಟು ಮೇಲೆ?"

"ಚಂದ್ರನಿಗಿಂತ ಆಚೆ. ದೂರದರ್ಶಕ ಅಂತಾರೆ. ಗಾಳಿ ಇಲ್ಲದ ಜಾಗದಲ್ಲಿ ತೇಲ್ತಾ ಇದೆ. ಒಂದು ಸಲ ಈ ಕಡೆ ತಿರುಗ್ತದೆ, ಒಂದು ಸಲ ಆ ಕಡೆ. ನೋಡಿದ್ದನ್ನ ಚಿತ್ರ ಮಾಡಿ ಕೆಳಗೆ ಕಳಿಸ್ತದೆ."

"ರಾತ್ರಿ ಹೊತ್ತು ನೋಡ್ತದಾ?"

"ಅದಕ್ಕೆ ರಾತ್ರಿ ಇಲ್ಲ. ಹಗಲೂ ಇಲ್ಲ. ರೆಪ್ಪೇನೂ ಇಲ್ಲ."

ಮಂಟಯ್ಯ ಒಂದು ಸಲ ತನ್ನ ರೆಪ್ಪೆ ಬಡಿದ.

"ಚಿತ್ರ ಬಹಳ ಬರ್ತವೆ. ನೋಡೋರು ಸಾಲದು. ಅದಕ್ಕೆ ಲೋಕದ ತುಂಬಾ ಜನ ಹಂಚಿಕೊಂಡು ನೋಡ್ತಾರೆ. ನಮ್ಮ ಪಾಲಿಗೂ ಒಂದಷ್ಟು ಬರ್ತದೆ. ಒಂದೊಂದು ಕಂತಿಗೆ ಒಂದು ಸಾಲು ಚಿತ್ರ, ತೆಗೆದ ಕ್ರಮದಲ್ಲೇ. ಸಾಲು ನೋಡಿ ಮುಗಿಸಿ, ಕಲೆ ಇದ್ದರೆ ಅಳಿಸಿ, ಗುರುತು ಹಾಕಿ ವಾಪಸು ಕಳಿಸ್ಬೇಕು."

"ಏನಂತ ಗುರುತು?"

"ಗುಂಡಗಿದೆಯಾ, ಉದ್ದಕ್ಕಿದೆಯಾ, ಸುತ್ತಿಕೊಂಡಿದೆಯಾ. ಈ ಒಂದೊಂದು ಚುಕ್ಕೀನೂ ಒಂದು ಗ್ಯಾಲಕ್ಸಿ. ಒಂದೊಂದರ ಒಳಗೂ ಲೆಕ್ಕ ಸಿಗದಷ್ಟು ನಕ್ಷತ್ರ."

ಮಂಟಯ್ಯ ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ.

"ಇದು ಚಕ್ಕುಲಿ," ಅಂದ.

"ಏನು?"

"ಇದು ನಿಪ್ಪಟ್ಟು. ಇದು ಮುರಿದ ಕೋಡುಬಳೆ."

"ಬುದ್ಧಿ," ಶಿವನಂಜಮ್ಮ ಕೂಗಿದಳು, "ಹಸಿದೋನನ್ನ ತಂದು ಕೂರಿಸಿದ್ದೀರಿ."

ಬುದ್ಧಿಯವರು ಒಳಗೆ ಬಂದರು. ಅವರಿಗೆ ಒಂದು ಅಭ್ಯಾಸ ಇತ್ತು. ಚಿತ್ರ ನೋಡುವ ಮುಂಚೆ ಗಾಜಿನ ಕೆಳಗಿನ ಬಲಮೂಲೆಗೆ ಹೆಬ್ಬೆರಳು ಒತ್ತಿ ಇಡುವರು. ಆಮೇಲೆ ನೋಡುವರು. ನೋಡಿ ಮುಗಿಯುವವರೆಗೂ ಬೆರಳು ತೆಗೆಯುತ್ತಿರಲಿಲ್ಲ. ಯಾಕೆ ಅಂತ ಯಾರೂ ಕೇಳಿರಲಿಲ್ಲ. ಅವರು ಎದ್ದು ಹೋದ ಮೇಲೆ ಶಿವನಂಜಮ್ಮ ಗೊಣಗುತ್ತಾ ಬಟ್ಟೆಯಿಂದ ಒರೆಸುತ್ತಿದ್ದಳು.

ಅವರು ಹೆಬ್ಬೆರಳು ಇಟ್ಟು ನೋಡಿದರು.

"ಸರಿಯಾಗೇ ಹೇಳ್ತಿದಾನೆ. ಸುತ್ತಿಕೊಂಡಿರೋದೇ ಚಕ್ಕುಲಿ. ಹಾಕಮ್ಮ ಗುರುತು."

ಹೋಗುವಾಗ ಬಾಗಿಲಲ್ಲಿ ನಿಂತರು.

"ಮಂಟಯ್ಯ, ಇಲ್ಲಿ ಇರೋದು ಒಂದೇ ಕಟ್ಟಲೆ. ಇದ್ದದ್ದು ಹೇಳು. ಇರಬೇಕಾದ್ದು ಹೇಳಬೇಡ."

*

ಒಂದು ಮಧ್ಯಾಹ್ನ. ಆಚೆ ಬಿಸಿಲು ಉರಿಯುತ್ತಿತ್ತು. ಒಳಗೆ ಮಂಟಯ್ಯ ಒಬ್ಬನೇ.

ಹೊಸ ಸಾಲು ಬಂದಿತ್ತು. ಮೇಲಿಂದ ಬಂದ ಹಾಗೇ ಇತ್ತು. ಇನ್ನೂ ಯಾರೂ ತಿದ್ದಿರಲಿಲ್ಲ.

ಮೊದಲನೆಯ ಚಿತ್ರದಲ್ಲಿ, ಎಡಗಡೆ, ಮೇಲೆ, ಒಂದು ಬೆಳಕು.

ಅದು ಚಕ್ಕುಲಿ ಅಲ್ಲ. ನಿಪ್ಪಟ್ಟೂ ಅಲ್ಲ. ಅದಕ್ಕೆ ಅಂಚು ಇರಲಿಲ್ಲ. ಕನ್ನಡಿಗೆ ಉಸಿರು ಬಿಟ್ಟಾಗ ಮೂಡುವ ಮಬ್ಬಿನ ಹಾಗೆ ಇತ್ತು.

ಇದೇನು ಅಂತ ತಿಳಿಯದೆ ಮುಂದಿನ ಚಿತ್ರಕ್ಕೆ ಹೋದ.

ಆಕಾಶ ಬೇರೆ. ಚುಕ್ಕಿಗಳು ಬೇರೆ. ಬೆಳಕು ಅಲ್ಲೇ.

ಇನ್ನೊಂದಕ್ಕೆ ಹೋದ. ಅಲ್ಲೇ.

ಗಾಜಿಗೆ ಕೊಳೆ ಅಂದುಕೊಂಡ. ಟವೆಲಿನಿಂದ ಒರೆಸಿದ. ಹೋಗಲಿಲ್ಲ. ಕುರ್ಚಿ ಸರಿಸಿ ಪಕ್ಕದಿಂದ ನೋಡಿದ. ಇತ್ತು. ಅಂಗೈ ಅಡ್ಡ ಹಿಡಿದ. ತೆಗೆದ.

ಇತ್ತು.

ಮೌಸ್ ಒತ್ತಿ ಮುಂದಕ್ಕೆ ಹೋದ.

ಮುಂದಿನದು ಪೂರ್ತಿ ಕಪ್ಪು. ಒಂದು ಚುಕ್ಕಿಯೂ ಇಲ್ಲ.

"ಅಕ್ಕ," ಅಂತ ಕೂಗಿದ. "ಇದು ಯಾವ ಕಡೆ ಆಕಾಶ? ಬರೀ ಕಪ್ಪು."

ಶಿವನಂಜಮ್ಮ ಅಡುಗೆಮನೆಯಿಂದಲೇ ಹೇಳಿದಳು.

"ಅದು ಆಕಾಶ ಅಲ್ಲ. ಮುಚ್ಚಳ ಹಾಕಿ ತೆಗೆದದ್ದು."

"ಮುಚ್ಚಳನಾ?"

"ರೆಪ್ಪೆ ಇಲ್ಲ ಅಂದೆನಲ್ಲ, ಮುಚ್ಚಳ ಇದೆ. ನಡುನಡುವೆ ಮುಚ್ಚಿ ಒಂದು ಚಿತ್ರ ತೆಗೀತಾರೆ. ಏನೂ ನೋಡದೆ ಇದ್ದಾಗ ಆ ಕಣ್ಣು ಏನು ನೋಡ್ತದೆ ಅಂತ ತಿಳ್ಕೊಳ್ಳೋಕೆ."

"ಒಳಗೆ ಏನೂ ಇರಲ್ಲವಾ?"

"ಕತ್ತಲೆ ಇರ್ತದೆ. ಇನ್ನೇನಿರ್ತದೆ, ನಿನ್ನ ಚಕ್ಕುಲಿಯಾ? ಒಲೆ ಮೇಲೆ ಅನ್ನ ಇದೆ, ಸುಮ್ಮನೆ ಕೂಗಬೇಡ."

ಮಂಟಯ್ಯ ತಿರುಗಿ ಪರದೆ ನೋಡಿದ.

ಕಪ್ಪಿನಲ್ಲಿ, ಎಡಗಡೆ, ಮೇಲೆ.

ಅವನು ಎದ್ದು ನಿಂತ. ಮತ್ತೆ ಕೂತ.

ಮನೆಯಲ್ಲಿ ಅವನು ಹಿತ್ತಲಲ್ಲಿ ವೆಲ್ಡಿಂಗ್ ಮಾಡುತ್ತಿದ್ದ. ಮುಖಕ್ಕೆ ಕಪ್ಪು ಗಾಜು ಹಿಡಿದರೆ ಕಿಡಿ ಬಿಟ್ಟು ಏನೂ ಕಾಣುವುದಿಲ್ಲ. ಆದರೂ ರಾಚಮ್ಮ ಬಂದದ್ದು ಅವನಿಗೆ ಗೊತ್ತಾಗುತ್ತಿತ್ತು. ಎಡಗಡೆ, ಬಾಗಿಲ ಮೆಟ್ಟಿಲ ಮೇಲೆ, ಚೊಂಬು ಹಿಡಿದು ನಿಲ್ಲುವಳು. ನೀರು ಅನ್ನುವಳಲ್ಲ. ಬಾ ಅನ್ನುವಳಲ್ಲ. ಕಿಡಿ ನಿಲ್ಲುವವರೆಗೆ ಸುಮ್ಮನೆ ನಿಲ್ಲುವಳು.

"ರಾಚಿ," ಅಂದ ಮಂಟಯ್ಯ.

ಬೆಳಕು ಅಲ್ಲಾಡಲಿಲ್ಲ. ಹೋಗಲೂ ಇಲ್ಲ.

*

ಸಂಜೆ ಶಿಷ್ಯರು ಆ ದಿನ ಕಂಡದ್ದನ್ನು ಗುರುವಿಗೆ ಹೇಳುವುದು ವಾಡಿಕೆ.

"ಏನು ಕಂಡೆ?" ಕೇಳಿದರು ಬುದ್ಧಿಯವರು.

"ಹೊಸದೇನಿಲ್ಲ ಬುದ್ಧಿ."

"ಇದ್ದದ್ದು ಹೇಳಿದೆಯಾ?"

"ಹೇಳಿದೆ."

ಬುದ್ಧಿಯವರು ಅವನ ಮುಖ ನೋಡಿದರು. ಮುಂದೆ ಏನೂ ಕೇಳಲಿಲ್ಲ.

ಮಾರನೆಯ ದಿನ ಮಂಟಯ್ಯ ಸಾಲಿನಲ್ಲಿ ಇನ್ನೂ ಮುಂದೆ ಹೋದ. ಬೆಳಕು ತೆಳ್ಳಗಾಗುತ್ತಿತ್ತು. ಒಂದು ಚಿತ್ರ ಮುಂದೆ ಹೋದರೆ ಒಂದು ಪದರ ಕಡಿಮೆ.

ಅವನಿಗೆ ಕೈ ಬರಲಿಲ್ಲ. ಹಿಂದಕ್ಕೆ ಬಂದ.

ಆಮೇಲೆ ಅವನು ಮುಂದೆ ಹೋಗಲೇ ಇಲ್ಲ. ಮೊದಲ ಕೆಲವು ಚಿತ್ರಗಳಲ್ಲೇ ಹಿಂದೆ ಮುಂದೆ ಓಡಾಡುತ್ತಿದ್ದ. ಕಪ್ಪು ಚಿತ್ರದಲ್ಲಿ ಬಹಳ ಹೊತ್ತು ನಿಲ್ಲುತ್ತಿದ್ದ. ಅಲ್ಲಿ ಬೇರೆ ಯಾರೂ ಇರಲಿಲ್ಲ.

ಪರದೆ ತಾನಾಗಿ ಆರಿಹೋಗದ ಹಾಗೆ ಆಗಾಗ ಮೌಸ್ ಅಲ್ಲಾಡಿಸುವನು. ತಟ್ಟೆ ಅಲ್ಲಿಗೇ ತರಿಸಿಕೊಳ್ಳುವನು. ತಟ್ಟೆ ಹಾಗೇ ವಾಪಸು ಬರುವುದು.

"ಯಾರ ಹತ್ತಿರ ಮಾತಾಡ್ತಾ ಇದ್ದೆ?" ಒಂದು ದಿನ ಬಾಗಿಲಿಂದ ಕೇಳಿದಳು ಶಿವನಂಜಮ್ಮ.

"ಯಾರೂ ಇಲ್ಲ ಅಕ್ಕ."

"ಯಾರೂ ಇಲ್ಲದೋರನ್ನ ಊಟ ಆಯ್ತಾ ಅಂತ ಕೇಳ್ತಾರಾ?"

ಅವನು ಮೌಸ್ ಅಲ್ಲಾಡಿಸಿದ.

"ನೋಡಪ್ಪ, ನಾನೂ ಟೆಲಿಫೋನ್ ಕಚೇರೀಲಿ ಇದ್ದೋಳು. ಕಡಿದುಹೋದ ಲೈನಲ್ಲೂ ಒಂದೊಂದು ಸಲ ಯಾರೋ ಉಸಿರಾಡಿದ ಹಾಗೆ ಕೇಳ್ತಿತ್ತು. ನಾನೇನು ಊಟ ಆಯ್ತಾ ಅಂತ ಕೇಳಲಿಲ್ಲ."

"ಕೇಳಬಹುದಿತ್ತು," ಅಂದ ಮಂಟಯ್ಯ.

ಶಿವನಂಜಮ್ಮನಿಗೆ ನಗು ಬರಲಿಲ್ಲ. ಒಳಗೆ ಬಂದಳು. ಪರದೆ ನೋಡಿದಳು.

"ಈ ಸಾಲು ಇನ್ನೂ ಕಳಿಸಿಲ್ಲವಾ? ಆಗಲೇ ಹೋಗಬೇಕಿತ್ತು." ಕನ್ನಡಕ ಸರಿಮಾಡಿಕೊಂಡಳು. "ಇದೇನು ಇದು, ಎಡಗಡೆ? ಇದನ್ನ ಅಳಿಸಲಿಲ್ಲವಾ? ಇದು ಮೇಲೆ ಇರೋದಲ್ಲ ಕಣಪ್ಪ. ಆಚೆ ಸರಿ, ನಾನು ಅಳಿಸ್ತೀನಿ."

ಮೌಸಿಗೆ ಕೈ ಹಾಕಿದಳು.

ಮಂಟಯ್ಯ ಅವಳ ಕೈ ಹಿಡಿದ.

"ಮುಟ್ಟಬೇಡ ಅಕ್ಕ."

ಅವನು ಕೂಗಲಿಲ್ಲ. ಮೆಲ್ಲಗೇ ಹೇಳಿದ. ಆದರೆ ಶಿವನಂಜಮ್ಮ ಬೆಚ್ಚಿ ಹಿಂದೆ ಸರಿದಳು. ಅವನ ಕೈ ಹೊಳೆಯ ಕಲ್ಲಿನ ಹಾಗೆ ತಣ್ಣಗಿತ್ತು.

ಅವಳು ಹೋಗಿ ಬುದ್ಧಿಯವರನ್ನು ಕರೆತಂದಳು.

*

ಬುದ್ಧಿಯವರು ಕುರ್ಚಿ ಎಳೆದುಕೊಂಡು ಕೂತರು. ಹೆಬ್ಬೆರಳು ತನ್ನ ಮೂಲೆಗೆ ಹೋಯಿತು.

"ಏನಿದೆ ಮಂಟಯ್ಯ?"

"ರಾಚಿ ಇದ್ದಾಳೆ ಬುದ್ಧಿ. ನನ್ನ ಹೆಂಡತಿ."

ಶಿವನಂಜಮ್ಮ ಏನೋ ಅನ್ನಲು ಹೋದಳು. ಬುದ್ಧಿಯವರು ಕೈ ಎತ್ತಿದರು.

"ಎಲ್ಲಿ?"

"ಎಡಗಡೆ. ಅವಳು ಯಾವಾಗಲೂ ಎಡಗಡೇನೇ ನಿಲ್ಲೋದು."

"ಯಾವ ಚಿತ್ರದಲ್ಲಿ?"

"ಎಲ್ಲದರಲ್ಲೂ. ಆಕಾಶ ಯಾವುದಾದರೂ ಸರಿ. ಮುಚ್ಚಳ ಹಾಕಿದ ಮೇಲೂ ಇದ್ದಾಳೆ." ಅವನು ಗುರುವಿನ ಕಡೆ ತಿರುಗಿದ. "ಹೋದೋರು ಎಲ್ಲಿಗೆ ಹೋಗ್ತಾರೆ ಅಂತ ಕೇಳಿದೆ. ನೀವು ಹೇಳಲಿಲ್ಲ. ನಾನೇ ನೋಡಿಕೊಂಡೆ."

ಬುದ್ಧಿಯವರು ಹೌದು ಅನ್ನಲಿಲ್ಲ. ಅಲ್ಲ ಅನ್ನಲಿಲ್ಲ.

"ಶಿವನಂಜಮ್ಮ, ಈ ಸಾಲಿಗಿಂತ ಹಿಂದಿನ ಚಿತ್ರ ತರಿಸಮ್ಮ."

"ಅದು ನಮ್ಮ ಪಾಲಿನದಲ್ಲ ಬುದ್ಧಿ. ಬೇರೆ ಯಾರೋ ಕೇಳಿ ನೋಡಿಸಿಕೊಂಡದ್ದು."

"ತರಿಸು."

ತರಿಸಲು ಹೊತ್ತು ಹಿಡಿಯಿತು.

ಚಿತ್ರ ಮೇಲಿಂದ ಕೆಳಕ್ಕೆ ಮೆಲ್ಲಗೆ ತೆರೆದುಕೊಂಡಿತು. ಕೋಣೆ ಬೆಳ್ಳಗಾಯಿತು. ಗೋಣಿತಾಟಿನ ಎಳೆ ಕಂಡವು. ತೊಲೆಯ ಜೇಡರ ಬಲೆ ಕಂಡಿತು. ಮೂವರ ನೆರಳು ಹಿಂದಿನ ಗೋಡೆಯ ಮೇಲೆ ಎದ್ದು ನಿಂತವು.

ಒಂದು ನಕ್ಷತ್ರ. ಅದರಿಂದ ಸುತ್ತಲೂ ಉದ್ದುದ್ದ ಮುಳ್ಳು ಹೊರಟಿದ್ದವು.

ಮಂಟಯ್ಯನ ಕೈ ತಾನಾಗಿ ಮುಖದ ಮುಂದೆ ಬಂತು. ಕಪ್ಪು ಗಾಜು ಹಿಡಿಯುವ ಹಾಗೆ.

"ನಕ್ಷತ್ರದ ನಡು ಯಾವ ಕಡೆ ಇದೆ?" ಕೇಳಿದರು ಬುದ್ಧಿಯವರು.

ಬೆರಳ ಸಂದಿಯಿಂದ ನೋಡಿದ.

"ಎಡಗಡೆ. ಮೇಲೆ."

"ಇದನ್ನ ಯಾರೋ ಬಹಳ ಹೊತ್ತು ನೋಡಿಸಿದ್ದಾರೆ. ಆಮೇಲೆ ಮೇಲಿನ ಕಣ್ಣನ್ನ ಬೇರೆ ಕಡೆ ತಿರುಗಿಸಿದ್ದಾರೆ."

ಮಂಟಯ್ಯ ಮುಖದ ಮುಂದಿನ ಕೈ ಇನ್ನೂ ಇಳಿಸಿರಲಿಲ್ಲ.

"ವೆಲ್ಡಿಂಗ್ ಕಿಡೀನ ಬರಿಗಣ್ಣಲ್ಲಿ ನೋಡಿದ್ದೀಯಾ?"

"ನೋಡಿದ್ದೀನಿ."

"ಆಮೇಲೆ ಗೋಡೆ ನೋಡಿದರೆ?"

"ಗೋಡೆ ಮೇಲೆ ಕಿಡಿ."

"ಹೊಳೆ ನೋಡಿದರೆ?"

"ಹೊಳೆ ಮೇಲೆ."

"ಕಣ್ಣು ಮುಚ್ಚಿದರೆ?"

ಅವನ ಕೈ ಮಡಿಲಿಗೆ ಬಿತ್ತು.

ಪರದೆ ನೋಡುತ್ತಲೇ ಕೇಳಿದ.

"ಹಾಗಾದರೆ ಸುಳ್ಳಾ ಬುದ್ಧಿ?"

"ಕಿಡಿ ನೋಡಿದ್ದು ಸುಳ್ಳಾ?"

"ಅಲ್ಲ."

"ಮತ್ತೆ ಯಾಕೆ ಕೇಳ್ತೀಯ?"

"ತೆಳ್ಳಗಾಗ್ತಾ ಇದೆ. ಮುಂದೆ ಹೋದಷ್ಟೂ ತೆಳ್ಳಗೆ."

"ಆಗ್ತದೆ."

"ಆಗದ ಹಾಗೆ ಮಾಡೋಕೆ ಬರಲ್ಲವಾ?"

"ಬರ್ತದೆ." ಬುದ್ಧಿಯವರು ಉರಿಯುತ್ತಿದ್ದ ನಕ್ಷತ್ರ ತೋರಿಸಿದರು. "ಕಣ್ಣನ್ನ ಇಲ್ಲೇ ಇಟ್ಟರಾಯ್ತು. ತಿರುಗಿಸಬಾರದು."

"ಇಲ್ಲೇ ಇಡೋಣ ಬುದ್ಧಿ."

"ಇಡೋಣ. ಇದರಲ್ಲಿ ಏನಿದೆ, ಹೇಳು."

"ನಕ್ಷತ್ರ."

"ಚಕ್ಕುಲಿ?"

ಮಂಟಯ್ಯ ಹುಡುಕಿದ. ಕಣ್ಣಲ್ಲಿ ನೀರು ಬಂತು.

"ಇದ್ದರೂ ಕಾಣಲ್ಲ."

"ರಾಚಮ್ಮ ಇದ್ದಾಳಾ?"

ಅವನು ಎಡಗಡೆ ನೋಡಿದ. ಅಲ್ಲಿ ನಿಲ್ಲಲು ಜಾಗವೇ ಇರಲಿಲ್ಲ.

"ಇಲ್ಲ ಬುದ್ಧಿ. ಇಲ್ಲಿ ಬರೀ ಬೆಂಕಿ."

ಬುದ್ಧಿಯವರು ಶಿವನಂಜಮ್ಮನ ಕಡೆ ನೋಡಿದರು. ಅವಳು ಆ ಚಿತ್ರ ಮುಚ್ಚಿದಳು. ಕೋಣೆ ಮತ್ತೆ ಕತ್ತಲಾಯಿತು. ನಕ್ಷತ್ರ ಸ್ವಲ್ಪ ಹೊತ್ತು ಮೂವರ ಕಣ್ಣಲ್ಲೂ ಉಳಿದಿತ್ತು. ಯಾರೂ ಅದನ್ನು ಹೇಳಲಿಲ್ಲ.

*

"ಬುದ್ಧಿ," ಅಂದಳು ಶಿವನಂಜಮ್ಮ. ಈಗ ಅವಳ ದನಿ ಇಳಿದಿತ್ತು. "ಆದರೂ ಇದನ್ನ ಅಳಿಸಲೇಬೇಕಲ್ಲ. ಹೀಗೇ ಕಳಿಸಿದರೆ ಅಲ್ಲಿರೋರು ಇದನ್ನೂ ಒಂದು ನಕ್ಷತ್ರ ಅಂದ್ಕೊಳ್ತಾರೆ."

"ಹೌದು."

"ನಾನು ಅಳಿಸಲಾ?"

"ಬೇಡ. ಅವನೇ ಮಾಡ್ಲಿ."

ಮಂಟಯ್ಯ ಮೌಸಿನ ಮೇಲೆ ಕೈ ಇಟ್ಟ. ತೆಗೆದ.

"ನನ್ನ ಕೈಲಿ ಆಗಲ್ಲ ಬುದ್ಧಿ. ಇನ್ನೊಂದು ಸಲ ಆಗಲ್ಲ."

"ಅಳಿಸು ಅಂತ ಯಾರು ಹೇಳಿದರು? ಸುತ್ತು ಹಾಕು."

"ಸುತ್ತು ಹಾಕಿ?"

"ಪಕ್ಕದಲ್ಲಿ ಬರಿ."

"ಏನಂತ ಬರೀಲಿ?"

"ಮುಂಚೆ ನೋಡಿದ್ದು, ಅಂತ ಬರಿ."

ಮಂಟಯ್ಯ ಸುತ್ತು ಹಾಕಿದ. ಅವನಿಗೆ ಬರವಣಿಗೆ ಅಷ್ಟಾಗಿ ಬರುತ್ತಿರಲಿಲ್ಲ. ಶಿವನಂಜಮ್ಮ ಒಂದೊಂದೇ ಅಕ್ಷರದ ಕೀಲಿ ತೋರಿಸಿದಳು. ಅವನು ಒಂದೊಂದೇ ಒತ್ತಿದ. ಮುಂಚೆ ನೋಡಿದ್ದು.

ಮುಂದಿನದಕ್ಕೆ ಹೋದ. ಸುತ್ತು ಹಾಕಿದ. ಬರೆದ.

ಮುಚ್ಚಳದ ಚಿತ್ರಕ್ಕೆ ಬಂದಾಗ ನಿಂತ. ಕಪ್ಪಿನಲ್ಲಿ ಅವಳೊಬ್ಬಳೇ.

"ಇದಕ್ಕೂನಾ?"

"ಇದ್ದರೆ ಹಾಕು."

ಹಾಕಿದ. ಬರೆದ.

ಮುಂದೆ ಹೋದ. ಅವನು ಹಿಂದೆ ಸರಿದು ಬಂದಿದ್ದ ಜಾಗ ಬಂತು. ಆ ಕಡೆಯ ಚಿತ್ರಗಳನ್ನು ಅವನು ಇನ್ನೂ ನೋಡಿರಲಿಲ್ಲ.

ಶಿವನಂಜಮ್ಮ ಅವನ ಪಕ್ಕ ಒಂದು ಚೊಂಬು ನೀರು ತಂದಿಟ್ಟಳು. ಬಲಗಡೆ ಇಟ್ಟಳು. ಅವನು ಕುಡಿದ.

ಮುಂದಕ್ಕೆ ಒತ್ತಿದ.

"ಇದೆಯಾ?" ಕೇಳಿದರು ಬುದ್ಧಿಯವರು.

"ಇದೆ."

ಇನ್ನೊಂದು.

"ಇದೆಯಾ?"

"ಇದೆ. ತೆಳ್ಳಗೆ."

ಇನ್ನೊಂದು. ಈಗ ಅವನು ಮೂಗು ಗಾಜಿಗೆ ತಾಗುವಷ್ಟು ಬಗ್ಗಿದ್ದ.

"ಇದೆಯಾ?"

"ಉಸಿರಿನಷ್ಟು ಇದೆ."

ಹಾಕಿದ. ಬರೆದ.

ಕೊನೆಯ ಚಿತ್ರ ಬಂತು. ತುಂಬಾ ಚಕ್ಕುಲಿ ಇದ್ದವು. ನಿಪ್ಪಟ್ಟು ಇದ್ದವು. ಎಡಗಡೆ, ಮೇಲೆ, ಕತ್ತಲು.

"ಇದೆಯಾ?"

ಮಂಟಯ್ಯ ನೋಡಿದ. ಕಣ್ಣು ಮುಚ್ಚಿದ. ತೆರೆದ. ಮತ್ತೆ ನೋಡಿದ.

"ಚಿತ್ರದಲ್ಲಿ ಇಲ್ಲ ಬುದ್ಧಿ."

"ಹಾಗಾದರೆ ಹಾಗೇ ಕಳಿಸು."

ಅವನು ಆ ಚಿತ್ರದ ಮೇಲೆ ಏನೂ ಬರೆಯಲಿಲ್ಲ. ಶಿವನಂಜಮ್ಮ ಕೀಲಿ ತೋರಿಸಿದಳು. ಒತ್ತಿದ. ಸಾಲು ಹೋಯಿತು. ಕೊನೆಯ ಚಿತ್ರ ಮಾತ್ರ ಪರದೆಯ ಮೇಲೆ ಹಾಗೇ ನಿಂತಿತ್ತು.

ಆಚೆ ಹೊಳೆಯ ಸದ್ದು ಇರಲಿಲ್ಲ. ಯಾವಾಗ ನಿಂತಿತೋ. ಅಥವಾ ಅವರಿಗೆ ಕೇಳಿಸುತ್ತಿರಲಿಲ್ಲವೋ.

ಮಂಟಯ್ಯ ಹಣೆಯ ವಿಭೂತಿಯನ್ನು ಬೆರಳಿಂದ ಮುಟ್ಟಿದ. ಕೈ ಚಾಚಿ ಗಾಜಿನ ಮೇಲೆ, ಎಡಗಡೆ, ಮೇಲೆ, ಮೆಲ್ಲಗೆ ಒಂದು ಸುತ್ತು ಹಾಕಿದ. ಕತ್ತಲಿನ ಸುತ್ತ ಬೂದಿಯ ಗೆರೆ.

ಶಿವನಂಜಮ್ಮ ಅಭ್ಯಾಸದಂತೆ ಬಟ್ಟೆ ತೆಗೆದುಕೊಂಡಳು.

"ಗಾಜಿನ ಮೇಲೆ ಬರೀತೀಯಲ್ಲಪ್ಪ. ಅಲ್ಲಿ ಏನೂ ಇಲ್ಲ."

ಬುದ್ಧಿಯವರು ಅವಳ ಕೈಯಿಂದ ಬಟ್ಟೆ ತೆಗೆದುಕೊಂಡು ಮಡಚಿ ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು.

ಅವರ ಹೆಬ್ಬೆರಳು ಇನ್ನೂ ಬಲಮೂಲೆಯಲ್ಲೇ ಇತ್ತು. ಆ ದಿನ ಅದನ್ನು ಮೆಲ್ಲಗೆ ಎತ್ತಿದರು. ಅದರ ಕೆಳಗೂ ಕತ್ತಲೇ ಇತ್ತು. ಆ ಜಾಗವನ್ನು ಅವರು ಬಹಳ ಹೊತ್ತು ನೋಡಿದರು.

"ಇಲ್ಲೂ ಒಂದು ಹಾಕಪ್ಪ," ಅಂದರು. "ಇದು ನನ್ನದು, ಮುಂಚೆ ನೋಡಿದ್ದು."